ಹಾಡುಗಳ ಉಗ್ರಾಣಕ್ಕೊಂದು ಹಳೆಯ ಲ್ಯಾಪ್‌ಟಾಪ್

ತಳಭಾಗದ ಹದಿಮೂರು ಸ್ಕ್ರೂಗಳನ್ನು ಬಿಚ್ಚಿ ಮುಚ್ಚಳವನ್ನು ಮೆಲ್ಲನೆ ಎತ್ತಿದಾಗ ಮೊದಲು ಕಣ್ಣಿಗೆ ಬಿದ್ದದ್ದು, ಫ್ಯಾನಿಗೂ ಅದರ ಮುಂದಿನ ಲೋಹದ ರೆಕ್ಕೆಗಳಿಗೂ ನಡುವೆ ಒತ್ತೊತ್ತಾಗಿ ಕೂತಿದ್ದ ಬೂದು ಬಣ್ಣದ ಧೂಳಿನ ಪದರ. ಹಲವು ವರ್ಷಗಳ ಧೂಳೂ ಕೂದಲೆಳೆಗಳೂ ಸೇರಿ ಅದು ಕಂಬಳಿಯ ತುಂಡಿನಷ್ಟು ಗಟ್ಟಿಯಾಗಿತ್ತು. ಚಿಮಟದ ತುದಿಯಲ್ಲಿ ಹಿಡಿದೆಳೆದರೆ ಹರಿಯದೆ ಇಡಿಯಾಗಿ ಕಿತ್ತು ಬಂದಿತು. ಈ ಲ್ಯಾಪ್‌ಟಾಪ್ ಕೊನೆಯ ದಿನಗಳಲ್ಲಿ ಹತ್ತೇ ನಿಮಿಷಕ್ಕೆ ಕಾದು, ಅಬ್ಬರಿಸಿ, ತಾನಾಗಿಯೇ ಆರಿಹೋಗುತ್ತಿದ್ದುದಕ್ಕೆ ನಾವೆಲ್ಲ ಅದರ ವಯಸ್ಸನ್ನು ದೂರಿದ್ದೆವು. ನಿಜವಾದ ಕಾರಣ ಈಗ ನನ್ನ ಅಂಗೈಯ ಮೇಲಿತ್ತು.

2010ರಲ್ಲಿ ಕೊಂಡ ಯಂತ್ರವಿದು. ಇಂಟೆಲ್‌ನ ಕೋರ್ 2 ಡ್ಯುಯೋ ಪ್ರೊಸೆಸರ್, 2 ಜಿಬಿ ರ‍್ಯಾಮ್, 320 ಜಿಬಿ ಹಾರ್ಡ್ ಡಿಸ್ಕ್. ಇದರಲ್ಲಿದ್ದ ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ರಂದು ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಬಯಸುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಂಥ ಹಳೆಯ ಯಂತ್ರಗಳಲ್ಲಿ ಇರುವುದಿಲ್ಲ. ಪರದೆಯ ಎಡಭಾಗದಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಹಸಿರು ಗೆರೆ, ಒಂದು ಕಡೆಯ ಕೀಲು ಮುರಿದಿದೆ, ಕೀಲಿಮಣೆಯ ನಾಲ್ಕು ಗುಂಡಿಗಳು ಒತ್ತಿದರೂ ಓಗೊಡುವುದಿಲ್ಲ. ಗುಜರಿಗೆ ಹಾಕಲು ಮನಸ್ಸು ಬಾರದೆ ಅಟ್ಟಕ್ಕೆ ಹಾಕಿದ್ದೆ.

ಅಲ್ಲಿಂದ ಅದನ್ನು ಇಳಿಸಲು ಕಾರಣವಾದದ್ದು ಒಂದು ಸಣ್ಣ ಸಿಟ್ಟು. ತಿಂಗಳು ತಿಂಗಳು ಹಣ ಕಟ್ಟುತ್ತಿದ್ದ ಸಂಗೀತ ಸೇವೆಯೊಂದರಲ್ಲಿ ನಾನು ವರ್ಷಗಳಿಂದ ಜೋಡಿಸಿಟ್ಟಿದ್ದ ಪಟ್ಟಿಯ ಹಾಡುಗಳು ಒಂದೊಂದಾಗಿ ಮಸುಕಾಗತೊಡಗಿದವು. ಮುಟ್ಟಿದರೆ, ಈ ಹಾಡು ಈಗ ಲಭ್ಯವಿಲ್ಲ ಎಂಬ ಒಂದು ಸಾಲು. ಆ ಹಾಡುಗಳಲ್ಲಿ ಬಹುಪಾಲು ನಾನೇ ಹಣ ಕೊಟ್ಟು ಕೊಂಡ ಸಿಡಿಗಳಾಗಿ ಕಪಾಟಿನಲ್ಲಿದ್ದವು, ಉಳಿದವು ಮೂರು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ ಹಂಚಿಹೋಗಿದ್ದವು. ಮನೆಯಲ್ಲೇ ಇರುವ ಹಾಡನ್ನು ಕೇಳುವುದಕ್ಕೆ ಇನ್ನೊಬ್ಬರ ಪರವಾನಗಿಯ ಅವಧಿಯನ್ನು ನೋಡಿಕೊಂಡು ಕೂರಬೇಕಾದ ಪರಿಸ್ಥಿತಿ ನನಗೆ ಸರಿ ಕಾಣಲಿಲ್ಲ. ಎಲ್ಲವನ್ನೂ ಒಂದು ಕಡೆ ಸೇರಿಸಿ, ಮನೆಯ ಯಾವ ಫೋನಿನಿಂದಲಾದರೂ ಕೇಳುವಂತೆ ಮಾಡಬೇಕೆಂದು ಹೊರಟೆ.

ಹೊಸ ಯಂತ್ರವೇ ಬೇಕಲ್ಲವೇ ಎಂದು ಕೇಳಿದವರಿಗೆ ನಾನು ಕೊಟ್ಟ ಉತ್ತರ ಒಂದು ಸರಳ ಲೆಕ್ಕ. ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ. ಪ್ರತಿ ಅಳತೆಗೆ 16 ಬಿಟ್, ಎಡ ಮತ್ತು ಬಲಕ್ಕೆ ಪ್ರತ್ಯೇಕ. ಮೂರನ್ನೂ ಗುಣಿಸಿದರೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ಅದೇ ಧ್ವನಿಯನ್ನು ಒಂದು ಬಿಟ್ಟನ್ನೂ ಕಳೆದುಕೊಳ್ಳದೆ ಮಡಿಸಿಡುವ ಫ್ಲ್ಯಾಕ್ ಕಡತದಲ್ಲಿ ಇದು ಸಾಮಾನ್ಯವಾಗಿ ಅರ್ಧದಿಂದ ಮೂರನೇ ಎರಡರಷ್ಟಕ್ಕೆ ಇಳಿಯುತ್ತದೆ. ಎಂಪಿ3ಯಲ್ಲಿ ಅತಿ ಹೆಚ್ಚೆಂದರೆ 320 ಕಿಲೋಬಿಟ್. ನನ್ನ ಲ್ಯಾಪ್‌ಟಾಪಿನ ಕೇಬಲ್ ಚುಚ್ಚುವ ಹಳೆಯ ಜಾಲ ಕಿಂಡಿಯ ವೇಗ ಸೆಕೆಂಡಿಗೆ 100 ಮೆಗಾಬಿಟ್, ಎಂದರೆ ಒಂದು ಲಕ್ಷ ಕಿಲೋಬಿಟ್. ಮನೆಯವರೆಲ್ಲ ಒಟ್ಟಿಗೆ ಬೇರೆ ಬೇರೆ ಹಾಡು ಕೇಳಿದರೂ ಆ ತಂತಿಯ ಒಂದು ಮೂಲೆಯೂ ತುಂಬುವುದಿಲ್ಲ.

ಅದಕ್ಕಿಂತ ಮುಖ್ಯವಾದ ವಿಷಯವೆಂದರೆ, ಇಲ್ಲಿ ಹಾಡುವ ಕೆಲಸ ಸರ್ವರಿನದಲ್ಲ, ಎಂದರೆ ಹಾಡುಗಳನ್ನು ಹಂಚುವ ಈ ಯಂತ್ರದ್ದಲ್ಲ. ಕಡತವನ್ನು ಬಿಡಿಸಿ ಧ್ವನಿಯಾಗಿಸುವುದು ಕೇಳುವವರ ಫೋನು. ಸರ್ವರ್ ಉಗ್ರಾಣಿಕನಂತೆ: ಏನು ಎಲ್ಲಿದೆ ಎಂಬ ಲೆಕ್ಕ ಇಟ್ಟುಕೊಂಡು, ಕೇಳಿದ್ದನ್ನು ತೆಗೆದು ಕೊಟ್ಟು, ಮತ್ತೆ ಬಾಗಿಲ ಬಳಿ ಕುಳಿತಿರುವುದಷ್ಟೇ ಅದರ ಕೆಲಸ. ಈ ಲ್ಯಾಪ್‌ಟಾಪನ್ನು ಸುಸ್ತು ಮಾಡಿದ್ದು ಇಂದಿನ ಬ್ರೌಸರುಗಳು, ಹಿನ್ನೆಲೆಯಲ್ಲಿ ಓಡುವ ಹತ್ತಾರು ತಂತ್ರಾಂಶಗಳು, ಬಣ್ಣಬಣ್ಣದ ಕಿಟಕಿಗಳು. ಅವನ್ನೆಲ್ಲ ಕಳಚಿ ಉಗ್ರಾಣದ ಬೀಗದಕೈ ಕೊಟ್ಟರೆ ಅದಕ್ಕೆ ಇನ್ನೂ ಸಾಕಷ್ಟು ತ್ರಾಣವಿದೆ.

ಹಾಗೆಂದು ಅಟ್ಟದಿಂದ ಇಳಿಸಿದ ಕೂಡಲೇ ತಂತಿ ಚುಚ್ಚುವುದು ಜಾಣತನವಲ್ಲ. ಲ್ಯಾಪ್‌ಟಾಪಿನಲ್ಲಿ ಮೊದಲು ನೋಡಬೇಕಾದದ್ದು ಬ್ಯಾಟರಿಯನ್ನು. ನನ್ನದು ಅಂಚಿನಲ್ಲಿ ತುಸು ಉಬ್ಬಿತ್ತು. ಸಮತಟ್ಟಾದ ಮೇಜಿನ ಮೇಲಿಟ್ಟರೆ ಅಲುಗಾಡುತ್ತಿತ್ತು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚುಚ್ಚುವುದಾಗಲಿ ಒತ್ತುವುದಾಗಲಿ ಮನೆಯ ಕಸದ ಬುಟ್ಟಿಗೆ ಎಸೆಯುವುದಾಗಲಿ ಬೆಂಕಿಗೆ ಆಹ್ವಾನ ಕೊಟ್ಟಂತೆ. ಅದನ್ನು ತೆಗೆದು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಟ್ಟೆ. ಯಂತ್ರ ಈಗ ಅಡಾಪ್ಟರ್ ಒಂದರಿಂದಲೇ ಓಡುತ್ತದೆ. ಇದರಿಂದ ಒಂದು ನಷ್ಟವೂ ಇದೆ: ಬ್ಯಾಟರಿ ಇದ್ದಿದ್ದರೆ ಕರೆಂಟ್ ಹೋದಾಗ ಅದೇ ಯುಪಿಎಸ್ ಆಗುತ್ತಿತ್ತು. ಈಗ ರೌಟರಿಗೆಂದು ಇಟ್ಟಿದ್ದ ಸಣ್ಣ ಯುಪಿಎಸ್‌ನಲ್ಲಿ ಇದಕ್ಕೂ ಜಾಗ ಮಾಡಿದ್ದೇನೆ.

ಧೂಳಿನ ನಂತರದ ಸರದಿ ಪ್ರೊಸೆಸರಿನ ಶಾಖವನ್ನು ಹೊರಗೆ ದಾಟಿಸಲು ಅದರ ಮೇಲೆ ಹಚ್ಚುವ ಥರ್ಮಲ್ ಪೇಸ್ಟಿನದು. ಅದು ಒಣಗಿ, ಬಿಸಿಲಿಗೆ ಬಿರಿದ ಕೆರೆಯಂಗಳದಂತಾಗಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಅಕ್ಕಿಕಾಳಿನಷ್ಟು ಹೊಸ ಪೇಸ್ಟ್ ಹಾಕಿ ಮರಳಿ ಕೂರಿಸಿದೆ. ಮದರ್‌ಬೋರ್ಡಿನ ಮೇಲಿನ ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಂಥ ಕೋಶ ಸತ್ತಿದ್ದರಿಂದ, ತಂತಿ ಕಿತ್ತಾಗಲೆಲ್ಲ ಗಡಿಯಾರ ಹಳೆಯ ದಿನಾಂಕಕ್ಕೆ ಓಡುತ್ತಿತ್ತು, ಯಂತ್ರವನ್ನು ಎಬ್ಬಿಸುವ ಬಯೋಸ್‌ನ ಆಯ್ಕೆಗಳೂ ಅಳಿಸಿಹೋಗುತ್ತಿದ್ದವು, ಅದನ್ನೂ ಬದಲಿಸಿದೆ. ರ‍್ಯಾಮ್ 2 ಜಿಬಿಯೇ ಸಾಕಿತ್ತು, ಆದರೆ ಇನ್ನೊಂದು ಕೆಟ್ಟ ಲ್ಯಾಪ್‌ಟಾಪಿನಲ್ಲಿ ಹೊಂದುವ 2 ಜಿಬಿಯ ಪಟ್ಟಿ ಸಿಕ್ಕಿದ್ದರಿಂದ 4 ಆಯಿತು. ಮೆಮ್‌ಟೆಸ್ಟ್ ತಂತ್ರಾಂಶವನ್ನು ಒಂದು ರಾತ್ರಿ ಓಡಿಸಿ ಎರಡೂ ಪಟ್ಟಿಗಳು ಸರಿಯಿವೆ ಎಂದು ಖಚಿತಪಡಿಸಿಕೊಂಡೆ.

ಹಾರ್ಡ್ ಡಿಸ್ಕಿನ ವಿಷಯದಲ್ಲಿ ಮಾತ್ರ ಕನಿಕರ ತೋರಬಾರದು. ಪ್ರತಿ ಡಿಸ್ಕೂ ತನ್ನ ಆರೋಗ್ಯದ ದಿನಚರಿಯನ್ನು ಸ್ಮಾರ್ಟ್ ಎಂಬ ವ್ಯವಸ್ಥೆಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅದರಲ್ಲಿ ನಾನು ಮೊದಲು ನೋಡುವುದು ಎರಡು ಸಾಲುಗಳನ್ನು: 5ನೆಯದು, ಎಂದರೆ ಕೆಟ್ಟುಹೋಗಿ ಬದಲಿ ಜಾಗಕ್ಕೆ ಹೋದ ಸೆಕ್ಟರುಗಳ (ಡಿಸ್ಕಿನ ಪುಟ್ಟ ಖಾನೆಗಳ) ಎಣಿಕೆ, 197ನೆಯದು, ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರುಗಳ ಎಣಿಕೆ. ಎರಡೂ ಸೊನ್ನೆಯಿರಬೇಕು. ನನ್ನ 320 ಜಿಬಿ ಡಿಸ್ಕಿನಲ್ಲಿ ಎರಡನೆಯದು ಸೊನ್ನೆಯಾಗಿರಲಿಲ್ಲ. ಅದನ್ನು ಕಳಚಿಟ್ಟು, ಅದೇ ಸಾಟಾ ಕಿಂಡಿಗೆ, ತಿರುಗುವ ಭಾಗಗಳಿಲ್ಲದ ಒಂದು ಚಿಕ್ಕ ಎಸ್‌ಎಸ್‌ಡಿ ಹಾಕಿದೆ. ಈ ಇಡೀ ಸಾಹಸದಲ್ಲಿ ಹೊಸದಾಗಿ ಕೊಂಡ ಮುಖ್ಯ ವಸ್ತು ಇದೊಂದೇ, ಮತ್ತು ಹಳೆಯ ಯಂತ್ರಕ್ಕೆ ಒಂದೇ ಒಂದು ಖರ್ಚು ಮಾಡುವುದಿದ್ದರೆ ಅದನ್ನು ಇಲ್ಲಿಯೇ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಹಾಡುಗಳು ಪ್ರತ್ಯೇಕವಾಗಿ ಯುಎಸ್‌ಬಿಯ 1 ಟಿಬಿ ಡಿಸ್ಕಿನಲ್ಲಿವೆ.

ಕಾರ್ಯಾಚರಣೆ ವ್ಯವಸ್ಥೆಗೆ ಡೆಬಿಯನ್ ಲಿನಕ್ಸನ್ನು ಆರಿಸಿಕೊಂಡೆ. ಹಳೆಯ ಯಂತ್ರ ಇಟ್ಟುಕೊಂಡವರು ಮೊದಲು ತಿಳಿಯಬೇಕಾದದ್ದು ಪ್ರೊಸೆಸರ್ 64 ಬಿಟ್‌ನದೋ 32 ಬಿಟ್‌ನದೋ ಎಂಬುದನ್ನು. ಕೋರ್ 2 ಡ್ಯುಯೋ 64 ಬಿಟ್‌ನದಾದ್ದರಿಂದ ನನಗೆ ತೊಂದರೆಯಾಗಲಿಲ್ಲ. ಅದಕ್ಕೂ ಹಿಂದಿನ 32 ಬಿಟ್ ಯಂತ್ರಗಳಿಗೆ 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಇನ್‌ಸ್ಟಾಲರನ್ನೇ ಕೊಟ್ಟಿಲ್ಲ. 2023ರ ಡೆಬಿಯನ್ 12ರಲ್ಲಿ ಅದು ಇದೆ. ಪೆನ್‌ಡ್ರೈವಿನಿಂದ ಬೂಟ್ ಮಾಡಿ ಕೇಳಿದ ಪ್ರಶ್ನೆಗಳಿಗೆ ಉತ್ತರಿಸುತ್ತ ಹೋದರೆ ಕೊನೆಯಲ್ಲಿ ಏನೇನು ಬೇಕೆಂಬ ಪಟ್ಟಿ ಬರುತ್ತದೆ. ಅಲ್ಲಿ ಡೆಸ್ಕ್‌ಟಾಪ್ ಎಂಬುದರ ಮುಂದಿನ ಗುರುತನ್ನು ತೆಗೆದು, ದೂರದಿಂದ ಯಂತ್ರದೊಳಗೆ ಬರಲು ಬೇಕಾದ ಎಸ್‌ಎಸ್‌ಎಚ್ ಸರ್ವರ್ ಎಂಬುದರ ಮುಂದೆ ಗುರುತು ಹಾಕಬೇಕು. ಆ ಒಂದು ಗುರುತನ್ನು ತೆಗೆಯುವುದೇ ಈ ಯಂತ್ರಕ್ಕೆ ಕೊಟ್ಟ ನಿಜವಾದ ಚಿಕಿತ್ಸೆ. ಕಿಟಕಿಯಿಲ್ಲ, ಐಕಾನ್ ಇಲ್ಲ. ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರ ಮಾತ್ರ. ಬೂಟ್ ಆದ ಮೇಲೆ ನೋಡಿದರೆ 4 ಜಿಬಿಯಲ್ಲಿ ಬಳಕೆಯಾಗಿದ್ದು ಕಾಲು ಜಿಬಿಗೂ ಕಡಿಮೆ.

ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರೆ ಅದು ನಿದ್ದೆಗೆ ಜಾರುವುದು ರೂಢಿ. ಉಗ್ರಾಣಿಕ ಹಾಗೆ ನಿದ್ದೆ ಮಾಡಿದರೆ ಆಗುವುದಿಲ್ಲವಾದ್ದರಿಂದ, ಲಿನಕ್ಸಿನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಲಾಗಿನ್ ಸಂರಚನೆಯ ಕಡತದಲ್ಲಿ ಮುಚ್ಚಳದ ಸ್ವಿಚ್ಚನ್ನು ಕಡೆಗಣಿಸುವಂತೆ ಒಂದು ಸಾಲು ಬರೆದೆ. ರೌಟರಿನಲ್ಲಿ ಈ ಯಂತ್ರಕ್ಕೆ ಯಾವಾಗಲೂ ಒಂದೇ ಐಪಿ ವಿಳಾಸ ಸಿಗುವಂತೆ ಕಾಯ್ದಿರಿಸಿದೆ. ಹಳೆಯ ವೈಫೈ ಕಾರ್ಡಿನ ಗೊಡವೆಗೆ ಹೋಗದೆ ರೌಟರಿನ ಪಕ್ಕದಲ್ಲೇ ಇಟ್ಟು ಕೇಬಲ್ ಹಾಕಿದೆ. ಅಂದಿನಿಂದ, ಮುಂದೆ ಹೇಳುವ ಒಂದು ದಿನದ ಹೊರತು, ಅದರ ಪರದೆ, ಕೀಲಿಮಣೆ, ಮುರಿದ ಕೀಲು ಯಾವುದೂ ಯಾರಿಗೂ ಕಂಡಿಲ್ಲ. ಹಸಿರು ಗೆರೆ ಈಗಲೂ ಇದೆಯೋ ಇಲ್ಲವೋ ನೋಡಿಲ್ಲ.

ಸಂಗೀತ ಸರ್ವರ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಕೆಲಸಗಳು ಅಡಗಿವೆ ಎಂಬುದು ತಿಳಿಯದೆ ನಾನು ಎರಡು ಸಂಜೆಗಳನ್ನು ವ್ಯರ್ಥ ಮಾಡಿದೆ. ಎಂಪಿಡಿ ಎಂಬ ಹಳೆಯ, ಬಹಳ ಹಗುರವಾದ ತಂತ್ರಾಂಶವಿದೆ. ಅದು ಮುಖ್ಯವಾಗಿ ತಾನಿರುವ ಯಂತ್ರಕ್ಕೆ ಜೋಡಿಸಿದ ಸ್ಪೀಕರಿನಿಂದಲೇ ಹಾಡಿಸುತ್ತದೆ, ಫೋನು ಅಲ್ಲಿ ರಿಮೋಟ್ ಮಾತ್ರ. ಒಂದೇ ಕೋಣೆಯಲ್ಲಿ ಒಳ್ಳೆಯ ಸ್ಪೀಕರಿಟ್ಟು ಕೇಳುವವರಿಗೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಲಿರಿಯಾನ್ ಮ್ಯೂಸಿಕ್ ಸರ್ವರ್ ಮನೆಯ ಹಲವು ಕೋಣೆಗಳ ಸ್ಪೀಕರುಗಳಲ್ಲಿ ಒಂದೇ ಹಾಡನ್ನು ಒಂದೇ ತಾಳಕ್ಕೆ ನುಡಿಸಬಲ್ಲದು. ನನಗೆ ಬೇಕಾಗಿದ್ದುದು ಪ್ರತಿಯೊಬ್ಬರ ಕಿವಿಗೆ ಅವರವರ ಹಾಡು. ಆ ಕೆಲಸಕ್ಕೆ ಜೆಲ್ಲಿಫಿನ್ ಕೂಡ ಆಗುತ್ತದೆ, ಆದರೆ ಅದು ಚಲನಚಿತ್ರಗಳನ್ನೂ ನೋಡಿಕೊಳ್ಳುವ ದೊಡ್ಡ ಸಂಸಾರ. ಹಾಡಿಗಷ್ಟೇ ಅದನ್ನು ಸಾಕುವುದು ದುಂದು ಎನ್ನಿಸಿತು. ಕೊನೆಗೆ ನಿಂತದ್ದು ನ್ಯಾವಿಡ್ರೋಮ್‌ನಲ್ಲಿ. ಗೋ ಭಾಷೆಯಲ್ಲಿ ಬರೆದ ಮುಕ್ತ ತಂತ್ರಾಂಶವದು. ತನ್ನ ಲೆಕ್ಕವನ್ನೆಲ್ಲ ಪುಟ್ಟ ದತ್ತಸಂಚಯವಾದ ಎಸ್‌ಕ್ಯೂಲೈಟ್‌ನ ಒಂದೇ ಕಡತದಲ್ಲಿ ಇಟ್ಟುಕೊಳ್ಳುತ್ತದೆ, ಹಾಡುಗಳ ಫೋಲ್ಡರನ್ನು ಓದಲು ಮಾತ್ರ ಅನುಮತಿ ಕೊಟ್ಟರೂ ಸಾಕು. ಸಬ್‌ಸಾನಿಕ್ ಎಂಬ ಹಳೆಯ ಸರ್ವರಿನ ಭಾಷೆಯನ್ನು ಇದೂ ಆಡುವುದರಿಂದ, ಅದಕ್ಕೆಂದು ಬರೆದ ಆ್ಯಪ್‌ಗಳೆಲ್ಲ ಬಹುಮಟ್ಟಿಗೆ ಇದರೊಂದಿಗೂ ಹೊಂದಿಕೊಳ್ಳುತ್ತವೆ. ಆಂಡ್ರಾಯ್ಡ್‌ನಲ್ಲಿ ಸಿಂಫೋನಿಯಂ, ಅಲ್ಟ್ರಾಸಾನಿಕ್, ಐಫೋನಿನಲ್ಲಿ ಆಂಪರ್ಫಿ ನಮ್ಮ ಮನೆಯಲ್ಲಿ ಬಳಕೆಯಲ್ಲಿವೆ. ಆ್ಯಪ್ ಬೇಡವೆನ್ನುವವರು ಬ್ರೌಸರಿನಲ್ಲಿ ಸರ್ವರಿನ ವಿಳಾಸದ ಮುಂದೆ 4533 ಎಂಬ ಪೋರ್ಟ್ (ಒಳಬರುವ ಬಾಗಿಲಿನ) ಸಂಖ್ಯೆ ಹಾಕಿ ಕೇಳುತ್ತಾರೆ.

ಅದನ್ನು ಸ್ಥಾಪಿಸಿದ್ದು ಅರ್ಧ ಗಂಟೆಯ ಕೆಲಸ, ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. 180 ಜಿಬಿ ಹಾಡುಗಳನ್ನು ಆ ಹಳೆಯ ಜಾಲ ಕಿಂಡಿಯ ಮೂಲಕ ಸಾಗಿಸಲು ನಾಲ್ಕೂವರೆ ಗಂಟೆ ಹಿಡಿಯಿತು. ಡಿಸ್ಕನ್ನು ನೇರವಾಗಿ ಚುಚ್ಚಿ ನಕಲು ಮಾಡಬಹುದಾಗಿತ್ತೆಂದು ಹೊಳೆದದ್ದು ಮುಕ್ಕಾಲು ಪಾಲು ಮುಗಿದ ಮೇಲೆ.

ಹೇಳಲೇಬೇಕಾದದ್ದು ಮೂರನೆಯ ದಿನದ ಪೇಚಾಟವನ್ನು. ಯುಎಸ್‌ಬಿ ಡಿಸ್ಕು ಪ್ರತಿ ಸಲ ಬೂಟ್ ಆದಾಗಲೂ ತಾನಾಗಿಯೇ ಸೇರಿಕೊಳ್ಳಲೆಂದು ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಅದರ ಗುರುತಿನ ಸಂಖ್ಯೆಯೊಂದಿಗೆ ಒಂದು ಸಾಲು ಸೇರಿಸಿದ್ದೆ. ಆ ದಿನ ಡಿಸ್ಕನ್ನು ಬೇರೆ ಕೆಲಸಕ್ಕೆ ಕಿತ್ತೊಯ್ದು, ಯಂತ್ರವನ್ನು ರೀಸ್ಟಾರ್ಟ್ ಮಾಡಿದೆ. ಅದು ಮೇಲೇಳಲೇ ಇಲ್ಲ. ದೂರದಿಂದ ಕರೆದರೆ ಉತ್ತರವಿಲ್ಲ, ರೌಟರಿನ ಪಟ್ಟಿಯಲ್ಲೂ ಹೆಸರಿಲ್ಲ. ಎಸ್‌ಎಸ್‌ಡಿಯೇ ಹೋಯಿತೆಂದು ಎದೆ ಧಸಕ್ಕೆಂದಿತು. ಮುಚ್ಚಳವನ್ನು ತೆರೆದು ನೋಡಿದರೆ, ಇಲ್ಲದ ಡಿಸ್ಕಿಗಾಗಿ ತೊಂಬತ್ತು ಸೆಕೆಂಡು ಕಾದು ಬೇಸತ್ತ ಲಿನಕ್ಸ್ ತುರ್ತು ಸ್ಥಿತಿಗೆ ಹೋಗಿ, ಒಳಗೆ ಬರಲು ರೂಟ್ ಎಂಬ ಯಜಮಾನ ಖಾತೆಯ ಪಾಸ್‌ವರ್ಡ್ ಕೇಳುತ್ತ ನಿಂತಿತ್ತು. ಆ ಪಾಸ್‌ವರ್ಡಿನಲ್ಲಿದ್ದ ಎರಡು ಅಕ್ಷರಗಳು ಸತ್ತುಹೋದ ನಾಲ್ಕು ಗುಂಡಿಗಳ ಪೈಕಿಯವು. ಹೊರಗಿನ ಕೀಲಿಮಣೆಯೊಂದನ್ನು ಹುಡುಕಿ ತಂದು, ಆ ಸಾಲಿನ ಕೊನೆಯಲ್ಲಿ ನೋಫೇಲ್ ಎಂಬ ಒಂದು ಪದ ಸೇರಿಸಿದೆ. ಡಿಸ್ಕು ಇಲ್ಲದಿದ್ದರೂ ಚಿಂತೆಯಿಲ್ಲ, ನೀನು ಏಳು ಎಂದು ಹೇಳಿದಂತೆ ಅದು. ಪರದೆ, ಕೀಲಿಮಣೆಗಳಿಲ್ಲದೆ ಓಡುವ ತಲೆಯಿಲ್ಲದ ಸರ್ವರಿಗೆ ಹೊರಗಿನ ಡಿಸ್ಕು ಜೋಡಿಸುವ ಎಲ್ಲರೂ ಈ ಪದವನ್ನು ಮೊದಲೇ ಬರೆದುಕೊಳ್ಳುವುದು ಕ್ಷೇಮ.

ಇನ್ನು ನಿಜವಾದ ಕೆಲಸಕ್ಕೆ ಬರುತ್ತೇನೆ. ಯಂತ್ರಕ್ಕೆ ಜೀವ ಬಂದದ್ದು ಒಂದು ವಾರಾಂತ್ಯದಲ್ಲಿ. ಹಾಡುಗಳನ್ನು ಒಪ್ಪವಾಗಿ ಜೋಡಿಸಲು ಹಿಡಿದದ್ದು ಐದು ತಿಂಗಳು. ನ್ಯಾವಿಡ್ರೋಮ್ ಮೊದಲ ಸಲ ಫೋಲ್ಡರನ್ನು ಓದಿ ಮುಗಿಸಿ ತೋರಿಸಿದ ಪುಟವನ್ನು ಕಂಡು ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. ಆರು ಹಾಡುಗಳಿರುವ ಒಂದು ಚಲನಚಿತ್ರದ ಆಲ್ಬಂ ಐದು ಆಲ್ಬಂಗಳಾಗಿ ಒಡೆದು, ಒಂದೇ ಮುಖಪುಟವನ್ನು ಹೊತ್ತು ಸಾಲಾಗಿ ನಿಂತಿತ್ತು. ಕಾರಣವಿಷ್ಟೇ: ಇಂಥ ಸರ್ವರ್ ನೋಡುವುದು ನಾವು ಶ್ರದ್ಧೆಯಿಂದ ಮಾಡಿಟ್ಟ ಫೋಲ್ಡರುಗಳನ್ನಲ್ಲ, ಪ್ರತಿ ಕಡತದ ಒಳಗೆ ಬರೆದಿರುವ ಟ್ಯಾಗುಗಳನ್ನು, ಎಂದರೆ ಹಾಡು, ಆಲ್ಬಂ, ಕಲಾವಿದರ ಹೆಸರಿನಂಥ ವಿವರಗಳನ್ನು. ಕಲಾವಿದರ ಹೆಸರಿಗೆ ಅಲ್ಲಿ ಎರಡು ಜಾಗಗಳಿವೆ; ಒಂದು ಆ ಹಾಡಿನ ಕಲಾವಿದರದು, ಇನ್ನೊಂದು ಇಡೀ ಆಲ್ಬಮ್ಮಿನ ಕಲಾವಿದರದು. ಎರಡನೆಯದು ಖಾಲಿಯಿದ್ದರೆ ತಂತ್ರಾಂಶ ಮೊದಲನೆಯದನ್ನೇ ಹಿಡಿದುಕೊಳ್ಳುತ್ತದೆ. ಚಲನಚಿತ್ರದ ಹಾಡುಗಳಿಗೆ ಹೆಚ್ಚಾಗಿ ಬೇರೆ ಬೇರೆ ಗಾಯಕರು, ಯುಗಳಗೀತೆಯಾದರೆ ಇಬ್ಬರು. ಆದ್ದರಿಂದ ಗಾಯಕರು ಬದಲಾದಂತೆಲ್ಲ ಆಲ್ಬಮ್ಮೂ ಬೇರೆ ಎಂದು ಅದು ತಿಳಿದುಕೊಂಡಿತ್ತು. ಆಲ್ಬಂ ಕಲಾವಿದರ ಜಾಗದಲ್ಲಿ ಸಂಗೀತ ನಿರ್ದೇಶಕರ ಹೆಸರನ್ನು ಆರೂ ಹಾಡುಗಳಿಗೆ ಏಕರೂಪವಾಗಿ ಬರೆದ ಕೂಡಲೇ ಚೆದುರಿದವು ಒಂದಾದವು.

ಏಕರೂಪವಾಗಿ ಎಂಬ ಪದದಲ್ಲಿ ಎಷ್ಟು ಸಂಕಟವಿದೆ ಎಂಬುದು ಮಾಡಿದವರಿಗೇ ಗೊತ್ತು. ಒಬ್ಬರೇ ಗಾಯಕರ ಹೆಸರು ನನ್ನ ಸಂಗ್ರಹದಲ್ಲಿ ಏಳು ಬಗೆಯಲ್ಲಿತ್ತು: ಮೊದಲಕ್ಷರಗಳ ನಡುವೆ ಚುಕ್ಕೆಯಿದ್ದು, ಇಲ್ಲದೆ, ಚುಕ್ಕೆಯ ನಂತರ ತೆರಪಿದ್ದು, ಹೆಸರಿನ ಹಿಂದೆ, ಮುಂದೆ, ಪೂರ್ತಿ ಬಿಡಿಸಿ, ಒಂದರಲ್ಲಿ ಕಾಗುಣಿತ ತಪ್ಪಿ. ಯಂತ್ರದ ಕಣ್ಣಿಗೆ ಅವರು ಏಳು ಜನ.

ಕನ್ನಡದಲ್ಲಿ ಹೆಸರಿಟ್ಟಿದ್ದ ಹಾಡುಗಳ ಪಾಡು ಇನ್ನೂ ಬೇರೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್ ಎಲ್ಲರ ಬಳಕೆಗೆ ಬರುವ ಮೊದಲು, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ ಫಾಂಟುಗಳಲ್ಲಿ ಬೆರಳಚ್ಚಿಸಿದ್ದ ಹೆಸರುಗಳೆಲ್ಲ ಈಗ ಆ ಫಾಂಟ್ ಇಲ್ಲದೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತಿದ್ದವು. ಎಂಪಿ3ಯ ಮೊದಲ ಟ್ಯಾಗ್ ಪದ್ಧತಿಯಾದ ಐಡಿ3ಯ 1ನೇ ಆವೃತ್ತಿಯಲ್ಲಿ ಇನ್ನೊಂದು ಇಕ್ಕಟ್ಟಿದೆ: ಹಾಡಿನ ಹೆಸರಿಗೆ ಅಲ್ಲಿರುವುದು ಬರೀ 30 ಬೈಟ್‌ಗಳ ಜಾಗ. ಯೂನಿಕೋಡನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು; ಒತ್ತಕ್ಷರ, ಗುಣಿತದ ಚಿಹ್ನೆ ಎಲ್ಲವೂ ಬೇರೆ ಬೇರೆ ಸಂಕೇತಗಳಾದ್ದರಿಂದ ಎರಡು ಪದ ಮುಗಿಯುವ ಮೊದಲೇ ಹೆಸರು ಕತ್ತರಿಸಿ ಹೋಗುತ್ತದೆ. ಹೀಗೆ ಪಲ್ಲವಿಯ ಮೊದಲ ಪದದಲ್ಲೇ ಉಸಿರು ಕಟ್ಟಿ ನಿಂತ ಹಾಡುಗಳು ನನ್ನಲ್ಲಿ ನೂರಾರಿದ್ದವು. ಎಲ್ಲ ಹಳೆಯ ಟ್ಯಾಗುಗಳನ್ನು ಅಳಿಸಿ, ಯೂನಿಕೋಡನ್ನು ಸರಿಯಾಗಿ ಹಿಡಿದಿಡುವ 2.4ನೇ ಆವೃತ್ತಿಯಲ್ಲಿ ಹೊಸದಾಗಿ ಬರೆಯಬೇಕಾಯಿತು. ಹಾಡುಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆಯಬೇಕೆಂದು ಆಗ ನಿಶ್ಚಯಿಸಿಕೊಂಡೆ. ರೋಮನ್ ಲಿಪಿಯಲ್ಲಿ ಬರೆದರೆ ಒಂದೇ ದೀರ್ಘಸ್ವರವನ್ನು ಮನೆಯ ನಾಲ್ಕು ಜನ ನಾಲ್ಕು ಬಗೆಯಲ್ಲಿ ಹುಡುಕುತ್ತಾರೆ. ಕನ್ನಡದಲ್ಲಿ ಬರೆದರೆ ಅದು ಒಂದೇ.

ಈ ಕೆಲಸಕ್ಕೆ ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಎಂಬ ತಂತ್ರಾಂಶ ಬಲಗೈಯಾಯಿತು. ಅದು ಹಾಡಿನ ಧ್ವನಿಯನ್ನೇ ಪರಿಶೀಲಿಸಿ, ಬೆರಳಚ್ಚಿನಂಥ ಒಂದು ಗುರುತನ್ನು ತಯಾರಿಸಿ, ಸಾರ್ವಜನಿಕ ದತ್ತಸಂಚಯದಲ್ಲಿ ಹೋಲಿಸಿ ಹೆಸರು ಹೇಳುತ್ತದೆ. ಎಲ್ಲರೂ ಕೇಳುವ ಆಲ್ಬಂಗಳಲ್ಲಿ ಅದರ ಚುರುಕು ನೋಡುವಂಥದ್ದು. ಆದರೆ ಅದನ್ನು ಕಣ್ಣುಮುಚ್ಚಿ ನಂಬಿದರೆ ಕೆಟ್ಟೆವು: ಯಾರೋ ಮರುಬಿಡುಗಡೆ ಮಾಡಿದ ಸಂಕಲನದಲ್ಲಿ ಅದೇ ಹಾಡು ಇದ್ದರೆ, ಮೂಲ ಆಲ್ಬಮ್ಮಿನಿಂದ ಅದನ್ನು ಕಿತ್ತು ಸಂಕಲನದ ಹೆಸರಿಗೆ ಬರೆದುಬಿಡುತ್ತದೆ. ಒಂದು ರಾತ್ರಿ ಎಲ್ಲವನ್ನೂ ಒಮ್ಮೆಗೇ ಉಳಿಸು ಎಂದು ಒತ್ತಿ ಮಲಗಿದ ನನಗೆ ಬೆಳಿಗ್ಗೆ ಸಿಕ್ಕಿದ್ದು ಹಿಂದಿನದಕ್ಕಿಂತ ದೊಡ್ಡ ಗೊಂದಲ. ಅನಂತರ ದಿನಕ್ಕೆ ಹತ್ತು ಆಲ್ಬಂ, ಅದಕ್ಕಿಂತ ಹೆಚ್ಚಿಲ್ಲ ಎಂದು ನಿಯಮ ಮಾಡಿಕೊಂಡೆ. ದತ್ತಸಂಚಯದಲ್ಲೇ ಇಲ್ಲದ ಹಾಡುಗಳಿಗೆ ಸಿಡಿಯ ಹೊದಿಕೆಯ ಹಿಂಬದಿಯ ಸಣ್ಣ ಅಕ್ಷರಗಳೇ ಗತಿ. ಭೂತಗನ್ನಡಿ ಹಿಡಿದು ಕುಳಿತ ಸಂಜೆಗಳು ಹಲವು. ರಚಿಸಿದವರೊಬ್ಬರು, ಹಾಡಿದವರೊಬ್ಬರು ಆಗಿರುವ ಶಾಸ್ತ್ರೀಯ ಸಂಗೀತದಲ್ಲಿ ಯಾರ ಹೆಸರನ್ನು ಎಲ್ಲಿ ಬರೆಯಬೇಕೆಂಬುದು ಇನ್ನೊಂದು ತಲೆನೋವು. ರಚನಕಾರರಿಗೆ ಕಂಪೋಸರ್ ಎಂಬ ಪ್ರತ್ಯೇಕ ಜಾಗವಿದೆ. ಹಾಡಿದವರನ್ನು ಕಲಾವಿದರ ಜಾಗದಲ್ಲೇ ಬಿಟ್ಟೆ.

ಸಿಡಿಗಳನ್ನು ಕಡತಗಳಾಗಿಸುವಾಗ ಎಲ್ಲವನ್ನೂ ಫ್ಲ್ಯಾಕ್‌ಗೆ ಹಾಕಿದೆ. ಒಂದು ಗಂಟೆಯ ಸಿಡಿ ಇದ್ದಂತೆಯೇ ಇಟ್ಟರೆ 635 ಎಂಬಿ. ಫ್ಲ್ಯಾಕ್‌ನಲ್ಲಿ ನನ್ನವು ಹೆಚ್ಚಾಗಿ 350ರ ಸುತ್ತಮುತ್ತ ನಿಂತವು. ಹಳೆಯ 128 ಕಿಲೋಬಿಟ್ ಎಂಪಿ3ಗಳನ್ನು ಫ್ಲ್ಯಾಕ್ ಮಾಡಿದರೆ ಗುಣಮಟ್ಟ ಏರುತ್ತದೆಯೇ ಎಂದು ಗೆಳೆಯರೊಬ್ಬರು ಕೇಳಿದರು. ಏರುವುದಿಲ್ಲ, ಒಮ್ಮೆ ಕತ್ತರಿಸಿ ಎಸೆದದ್ದು ಮರಳಿ ಬರುವುದಿಲ್ಲ, ಕಡತ ಮಾತ್ರ ಊದಿಕೊಳ್ಳುತ್ತದೆ. ಅವುಗಳನ್ನು ಇದ್ದಂತೆಯೇ ಬಿಟ್ಟಿದ್ದೇನೆ. ಒಂದು ಹಾಡು ಪಿಸುಗುಟ್ಟಿ ಮುಂದಿನದು ಕಿರುಚುವ ತೊಂದರೆಗೆ ರಿಪ್ಲೇಗೇನ್ ಎಂಬ ಟ್ಯಾಗ್ ಇದೆ; ಹಾಡನ್ನು ಮುಟ್ಟದೆ, ಎಷ್ಟು ಏರಿಸಬೇಕು ಎಷ್ಟು ಇಳಿಸಬೇಕು ಎಂಬ ಅಂಕಿಯನ್ನಷ್ಟೇ ಅದರಲ್ಲಿ ಬರೆದಿಡುತ್ತಾರೆ, ಫೋನಿನ ಆ್ಯಪ್ ಅದನ್ನು ಪಾಲಿಸುತ್ತದೆ. ಇಡೀ ಸಂಗ್ರಹದ ಹಾಡುಗಳ ಸದ್ದಿನ ಮಟ್ಟವನ್ನು ಅಳೆಯುವುದು ಈ ಯಂತ್ರ ಬೆವರು ಸುರಿಸಿದ ಒಂದೇ ಕೆಲಸ. ಎರಡು ಹಗಲು ಎರಡು ರಾತ್ರಿ ಫ್ಯಾನ್ ನಿಲ್ಲಲಿಲ್ಲ, ಆದರೆ ಯಂತ್ರವೂ ಆರಲಿಲ್ಲ.

ಮನೆಯಿಂದ ಹೊರಗಿರುವಾಗಲೂ ಕೇಳಬೇಕೆಂಬ ಆಸೆ ಸಹಜ. ರೌಟರಿನಲ್ಲಿ ಒಂದು ಪೋರ್ಟ್ ತೆರೆದುಬಿಟ್ಟರೆ ಸಾಕು ಎಂದು ಹೇಳುವವರಿದ್ದಾರೆ. ಹಾಗೆ ತೆರೆದ ಬಾಗಿಲನ್ನು ಇಡೀ ಜಗತ್ತಿನ ಅಪರಿಚಿತ ಯಂತ್ರಗಳು ತಟ್ಟಲು ಹೆಚ್ಚು ಹೊತ್ತು ಬೇಕಾಗುವುದಿಲ್ಲವೆಂದು ನನಗೆ ಅದಕ್ಕೆ ಮನಸ್ಸೊಪ್ಪಲಿಲ್ಲ. ವೈರ್‌ಗಾರ್ಡ್ ಎಂಬ ವಿಪಿಎನ್ (ಅಂತರಜಾಲದೊಳಗೆ ಗುಪ್ತ ಸುರಂಗದಂಥ ಸಂಪರ್ಕ) 2020ರಿಂದ ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲೇ ಸೇರಿದೆ. ಅದರ ಮೂಲಕ ಹೊರಗಿನ ಫೋನು ಮನೆಯ ಜಾಲದೊಳಗೇ ಇದ್ದಂತೆ ವರ್ತಿಸುತ್ತದೆ. ಅದಕ್ಕೂ ಒಂದು ಪೋರ್ಟ್ ಬೇಕು ನಿಜ, ಆದರೆ ಸರಿಯಾದ ಕೀಲಿಯಿಲ್ಲದೆ ತಟ್ಟುವವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಮೊಬೈಲ್ ಡೇಟಾದಲ್ಲಿ ಫ್ಲ್ಯಾಕ್ ಕೇಳುವುದು ದುಬಾರಿಯಾದ್ದರಿಂದ, ಹೊರಗಿರುವಾಗ ಮಾತ್ರ ಹಾಡನ್ನು 96 ಕಿಲೋಬಿಟ್‌ನ ಓಪಸ್ ಎಂಬ ಚಿಕ್ಕ ಕಡತಕ್ಕೆ ಇಳಿಸಿ ಕಳಿಸುವಂತೆ ಹೊಂದಿಸಿದ್ದೇನೆ. ಆ ಪರಿವರ್ತನೆಯನ್ನು ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ ಮಾಡುತ್ತದೆ. ಕೋರ್ 2 ಡ್ಯುಯೋ ಅದನ್ನು ಹಾಡು ಓಡುವ ವೇಗಕ್ಕಿಂತ ಎಷ್ಟೋ ಪಟ್ಟು ಬೇಗ ಮುಗಿಸುತ್ತದೆ.

ಹಳೆಯ ಯಂತ್ರವೆಂದರೆ ಕರೆಂಟ್ ಕುಡಿಯುವ ಯಂತ್ರ ಎಂಬ ಆಕ್ಷೇಪಕ್ಕೆ ಹುರುಳಿದೆ, ಆದ್ದರಿಂದ ಪ್ಲಗ್ಗಿಗೆ ಮೀಟರ್ ಹಾಕಿ ಅಳೆದೆ. ಪರದೆ ಆರಿಸಿ ಸುಮ್ಮನೆ ಕುಳಿತಾಗ 14 ವ್ಯಾಟ್. ವರ್ಷಪೂರ್ತಿ ಹಗಲಿರುಳು ಓಡಿದರೆ ಸುಮಾರು 123 ಯೂನಿಟ್. ಇದೇ ಜಾಗದಲ್ಲಿ 60 ವ್ಯಾಟಿನ ಹಳೆಯ ಡೆಸ್ಕ್‌ಟಾಪ್ ಇಟ್ಟಿದ್ದರೆ ಸುಮಾರು 526 ಯೂನಿಟ್ ಆಗುತ್ತಿತ್ತು. ಹಳೆಯ ಲ್ಯಾಪ್‌ಟಾಪ್, ಹಳೆಯ ಡೆಸ್ಕ್‌ಟಾಪ್ ಎರಡೂ ಮನೆಯಲ್ಲಿರುವವರು ಲ್ಯಾಪ್‌ಟಾಪನ್ನೇ ಆರಿಸಿಕೊಳ್ಳಲಿ ಎನ್ನುವುದಕ್ಕೆ ಈ ಎರಡು ಅಂಕಿಗಳು ಸಾಕು. ನಡುರಾತ್ರಿ 12ರಿಂದ ಬೆಳಗಿನ 5ರವರೆಗೆ ಯಾರೂ ಹಾಡು ಕೇಳದ ಕಾರಣ, ಆರ್‌ಟಿಸಿವೇಕ್ ಎಂಬ ಆದೇಶದಿಂದ ಆ ಐದು ಗಂಟೆ ಅದನ್ನು ಮಲಗಿಸಿ, ತಾನೇ ಏಳುವಂತೆ ಮಾಡಿದ್ದೇನೆ. ಗಡಿಯಾರದ ಕೋಶ ಬದಲಿಸಿದ್ದು ಇಲ್ಲಿ ಮತ್ತೊಮ್ಮೆ ನೆನಪಾಯಿತು.

ವಾರಕ್ಕೊಮ್ಮೆ ಆರ್‌ಸಿಂಕ್ ಎಂಬ ತಂತ್ರಾಂಶ ಹಾಡುಗಳನ್ನೂ ನ್ಯಾವಿಡ್ರೋಮ್‌ನ ಲೆಕ್ಕದ ಕಡತವನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡುತ್ತದೆ; ಆ ಡಿಸ್ಕನ್ನು ಉಳಿದ ದಿನ ಕಿತ್ತು ಬೇರೆ ಕೋಣೆಯಲ್ಲಿಟ್ಟಿರುತ್ತೇನೆ. ಹಾಡುಗಳನ್ನು ಹೇಗಾದರೂ ಮತ್ತೆ ಸಂಪಾದಿಸಬಹುದು, ಐದು ತಿಂಗಳ ಟ್ಯಾಗ್ ಕೆಲಸವನ್ನು ಇನ್ನೊಮ್ಮೆ ಮಾಡುವ ತಾಳ್ಮೆ ನನ್ನಲ್ಲಿಲ್ಲ.

ಕಲಾವಿದರ ಪಟ್ಟಿಯ ಕೊನೆಯಲ್ಲಿ ಅಜ್ಞಾತ ಎಂಬ ಹೆಸರಿನಡಿ ಇನ್ನೂ 212 ಹಾಡುಗಳು ಉಳಿದಿವೆ. ಬಹುಪಾಲು ಕ್ಯಾಸೆಟ್ಟುಗಳಿಂದ ಇಳಿಸಿದವು. ಪಿಕಾರ್ಡ್‌ಗೂ ಗೊತ್ತಿಲ್ಲ, ಹೊದಿಕೆಗಳೂ ಕಳೆದುಹೋಗಿವೆ. ಕಳೆದ ವಾರ ಅವುಗಳಲ್ಲೊಂದು ಅಕಸ್ಮಾತ್ತಾಗಿ ಅಮ್ಮನ ಫೋನಿನಲ್ಲಿ ಬಂದಿತು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವರು ಹಾಡಿದವರ ಹೆಸರು ಹೇಳಿ, ಇಷ್ಟೂ ತಿಳಿಯದೆ ಐದು ತಿಂಗಳು ಏನು ಮಾಡುತ್ತಿದ್ದೆ ಎಂದು ಕೇಳಿದರು. ಈಗ 211.